ಮಾವನ ಪೈಜಾಮ ಹೊಳೆದದ್ದು

"ಇನ್ನು ಈ ಮನೇಲಿ ಯಾರೂ ರಜೆ ಹಾಕ್ಬೇಕಾಗಿಲ್ಲ!" ಎಂದು ಎಂಜಿನಿಯರ್ ಸಾಹೇಬರು ಎದೆಯುಬ್ಬಿಸಿ ಘೋಷಿಸಿದರು. ಮಂಡಿ ಆಪರೇಷನ್ ಆಗಿದ್ದ ಮಾವನಿಗೆ ಹೊತ್ತುಹೊತ್ತಿಗೆ ನೀರು, ಮಾತ್ರೆ ಒಯ್ಯಲು ಆಫೀಸಿನಿಂದ ಒಂದು ರೋಬೋ ತಂದಿದ್ದರು. ಅಡುಗೆಮನೆಯಿಂದ ಮಂಚದವರೆಗೆ ನೆಲದ ಮೇಲೆ ಕಣ್ಣಿಗೆ ಕಾಣದ ಚುಕ್ಕಿಗಳು. ರೋಬೋದ ಮೂತಿಯಲ್ಲೊಂದು ನೇರಳೆ ದೀಪ. ಅದರ ಬೆಳಕಿಗೆ ಚುಕ್ಕಿ ಹೊಳೆಯಬೇಕು, ಹೊಳೆದತ್ತ ರೋಬೋ ಹೋಗಬೇಕು. ದೀಪ ಕುಡಿಯುವ ಕರೆಂಟೋ, ಗುಬ್ಬಚ್ಚಿ ಕುಡಿಯುವ ನೀರಿಗಿಂತ ಕಡಿಮೆ!

"ಚುಕ್ಕಿ ಯಾವುದರಲ್ಲಿ ಇಟ್ರಿ?" ಹೆಂಡತಿ ಕೇಳಿದಳು.

"ಬಟ್ಟೆ ಒಗೆಯೋ ದ್ರವ ಸೋಪು! ಬಿಳುಪು ಬರಲಿ ಅಂತ ಅದಕ್ಕೇನೋ ಸೇರಿಸಿರ್ತಾರಲ್ಲ, ಅದು ಈ ದೀಪಕ್ಕೆ ಬೆಳಗುತ್ತೆ. ಆಫೀಸಿನ ಹೊಳೆಯೋ ಶಾಯಿ ಬರೋವರೆಗೆ ಯಾರು ಕಾಯ್ತಾರೆ? ರೋಬೋ ಅಲ್ಲೇ ನಿಲ್ಲಲಿ ಅಂತ ಮಂಚದ ಹತ್ರ ಎರಡು ಕೋಟು ಬಳಿದಿದ್ದೀನಿ."

"ನನ್ನ ಸೋಪು ಖಾಲಿಯಾಗಿದ್ದು ಹೀಗೋ! ಸರಿ, ನಾಲ್ಕು ಗಂಟೆ ಮಾತ್ರೆ ಅಪ್ಪನಿಗೆ ಮುಟ್ಟಿದ್ರೆ ನಾಳೆ ನಾನು ಕೆಲಸಕ್ಕೆ ಹೋಗ್ತೀನಿ. ಮುಟ್ಟದಿದ್ರೂ ಹೋಗ್ತೀನಿ, ರಜೆ ಮಾತ್ರ ನೀವು ಹಾಕ್ತೀರಿ!"

ನಾಲ್ಕಕ್ಕೆ ಸರಿಯಾಗಿ ರೋಬೋ ತಟ್ಟೆ ಹೊತ್ತು ಹೊರಟಿತು. ಅದೇ ವೇಳೆಗೆ ಮಾವ ಬಚ್ಚಲಿನಿಂದ ಕೋಲೂರಿಕೊಂಡು ಹೊರಬಂದರು. ಮೈಮೇಲೆ ಅದೇ ಸೋಪಿನಲ್ಲಿ ಒಗೆದ ಬಿಳಿ ಪೈಜಾಮ! ದೀಪ ಮಿನುಗಿತು, ಪೈಜಾಮ ಧಗಧಗಿಸಿತು. ರೋಬೋ ನೆಲದ ಬಡಪಾಯಿ ಚುಕ್ಕಿಗಳಿಗೆ ಕೈಮುಗಿದು ಮಾವನ ಬೆನ್ನು ಹತ್ತಿತು.

"ಅಳಿಯಂದಿರೇ, ಇದ್ಯಾಕೆ ನನ್ನ ಹಿಂದೆ ಬಿದ್ದಿದೆ?"

"ನಿಂತ್ಕೊಳ್ಳಿ ಮಾವ, ಏನೂ ಮಾಡಲ್ಲ!"

"ನಿಂತ್ರೆ ಮಂಡಿಗೇ ಗುದ್ದುತ್ತೆ ಕಣ್ರೀ!"

ಹತ್ತು ಹೆಜ್ಜೆ ನಡೆಯಿರೆಂದು ಡಾಕ್ಟರು ಅಂಗಲಾಚಿದರೂ ಜಪ್ಪಯ್ಯ ಅನ್ನದಿದ್ದ ಮಾವ ಊಟದ ಮೇಜನ್ನು ಮೂರು ಸುತ್ತು ಹಾಕಿ, ಕೋಣೆಗೆ ನುಗ್ಗಿ, ಮಂಚ ಏರಿ ರಗ್ಗು ಹೊದ್ದುಬಿಟ್ಟರು. ಸಾಹೇಬರು ರೋಬೋವನ್ನು ತಡೆಯಲು ಮಂಚದ ಮುಂದೆ ಹಾರಿದರು. ಹಾರಿದ್ದು ತಾವೇ ಬಳಿದ ಎರಡು ಕೋಟು ಸೋಪಿನ ಮೇಲೆ! ಕಾಲು ಸುಯ್ಯೆಂದು ಜಾರಿತು, ಸೊಂಟ ನೆಲಕ್ಕೆ ಅಪ್ಪಳಿಸಿತು.

ರೋಬೋ ಬಂದು ಅವರ ಬಿಳಿ ಬನಿಯನ್ನಿಗೆ ದೀಪ ಬಿಟ್ಟಿತು. ಅದೂ ಹೊಳೆಯಿತು, ಮಂಚ ಸಿಕ್ಕಿತೆಂದು ರೋಬೋಗೆ ತೃಪ್ತಿಯಾಯಿತು. ಗಕ್ಕನೆ ನಿಂತಾಗ ಲೋಟ ಮಗುಚಿ ನೀರೆಲ್ಲ ಸಾಹೇಬರ ತಲೆಗೆ.

"ಮಾತ್ರೆ ತೆಗೆದುಕೊಳ್ಳಿ. ಬೇಗ ಗುಣಮುಖರಾಗಿ," ಎಂದಿತು ಮಧುರವಾಗಿ.

ಮರುದಿನ ಹೆಂಡತಿ ಕೆಲಸಕ್ಕೆ ಹೋದಳು. ನಾಲ್ಕು ಗಂಟೆಗೆ ಸಾಹೇಬರು ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಲ್ಲಿ ತಟ್ಟೆ ಹಿಡಿದು ಕುಂಟುತ್ತಾ ಬಂದರು. ಮಾವ ಮಾತ್ರೆ ನುಂಗಿ ಮಗಳಿಗೆ ಫೋನು ಮಾಡಿದರು.

"ಹೂಂ ಮಗಳೇ, ಈ ಯಂತ್ರ ಚೆನ್ನಾಗಿದೆ. ದೀಪವೂ ಬೇಡ, ಕರೆಂಟೂ ಬೇಡ. ಸ್ವಲ್ಪ ನರಳುತ್ತೆ, ಅಷ್ಟೇ!"