ಉಸಿರು ಹಿಡಿದ ಆಟಕ್ಕೆ ಜಾಹೀರಾತಿನ ಬಿಡುವು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವರು ಝೂಮ್ ಮೀಟಿಂಗಿನಲ್ಲಿ ಕೂತವರಲ್ಲ. ಅಲ್ಲಿ ಆಡದೆ ಇದ್ದರೂ ಹೋಗುತ್ತದೆ. ಕೊರೊನಾ ಕಾಲದಲ್ಲಿ ನಮ್ಮ ಕನ್ನಡ ಸಂಘದ ಕಮಿಟಿ ಝೂಮ್‌ನಲ್ಲಿ ಸೇರುತ್ತಿತ್ತು. ನಾನು ವಿಡಿಯೋ ಆಫ್ ಮಾಡಿ, ಮ್ಯೂಟ್ ಒತ್ತಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಚಪಾತಿ ಲಟ್ಟಿಸುತ್ತಿದ್ದೆ. ಅಧ್ಯಕ್ಷರಾದ ನಾಗರಾಜ್ ಅವರು, “ಹುಡುಗೀರ ಕಬಡ್ಡಿ ಜವಾಬ್ದಾರಿ ಸುಮಾ ಅವ್ರಿಗೆ ಕೊಡೋಣ, ಏನಂತೀರಾ ಸುಮಾ ಅವ್ರೇ?” ಎಂದರು. “ಅಯ್ಯೋ, ನನ್ ಕೈಲಾಗಲ್ಲಪ್ಪ!” ಎಂದು ನಾನು ಹಿಟ್ಟಿನ ಕೈ ಆಡಿಸಿ ಕೂಗಿದ್ದು ಕಾದ ಕಾವಲಿಗೆ ಮಾತ್ರ ಕೇಳಿಸಿತು. ಮೌನಂ ಸಮ್ಮತಿ ಲಕ್ಷಣಂ ಎಂದು ಅಧ್ಯಕ್ಷರು ಸಂಸ್ಕೃತದಲ್ಲಿ ಷರಾ ಬರೆದರು. ಅಂದಿನಿಂದ ಅಮೆರಿಕದ ಈ ನಮ್ಮೂರಿನ ಕನ್ನಡದ ಹುಡುಗಿಯರ ಕಬಡ್ಡಿಗೆ ನಾನೇ ದಿಕ್ಕು.

ಬೇಡವೆಂದು ಕೊರಳಿಗೆ ಬಿದ್ದದ್ದು ನಿಧಾನವಾಗಿ ಸರವೇ ಆಯಿತು ಎನ್ನಿ. ಮಂಡ್ಯದ ಹೈಸ್ಕೂಲಿನಲ್ಲಿ ನಾನೂ ಕಬಡ್ಡಿ ಆಡಿದವಳು. ಮೊಣಕಾಲಿನ ಮೇಲೆ ಅದರ ಗುರುತು ಇನ್ನೂ ಇದೆ. ಒಳಗಿನ ಗುರುತು ಚಳಿಗಾಲದಲ್ಲಿ ತಾನೇ ನೆನಪಿಸುತ್ತದೆ. ಆದರೆ ನಾನು ಇದಕ್ಕೆ ಅಂಟಿಕೊಂಡದ್ದು ಮಗಳಿಂದ. ಇಲ್ಲೇ ಹುಟ್ಟಿದ ಅದಿತಿಯ ಕನ್ನಡ ನಿಮಗೆ ಗೊತ್ತಿರುವಂಥದೇ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅಪರೂಪಕ್ಕೆ “ನನ್ಗೆ ಹಸಿವು ಇದ್ದೀನಿ” ಎಂದರೆ ನಾನು ತಿದ್ದುವುದಿಲ್ಲ, ಊಟ ಬಡಿಸುತ್ತೇನೆ. ಆ ಹುಡುಗಿ ಮಧ್ಯದ ಗೆರೆ ದಾಟಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ “ಕಬಡ್ಡಿ ಕಬಡ್ಡಿ ಕಬಡ್ಡಿ” ಎನ್ನುವಾಗ ಮಾತ್ರ ಆ “ಡ್ಡಿ”ಯಲ್ಲಿ ಅಮೆರಿಕದ ಸುಳಿವೇ ಇರುವುದಿಲ್ಲ. ಒಂದೇ ಉಸಿರಿನಲ್ಲಿ, ಮಂಡ್ಯದ ಯಾವುದೋ ಬೀದಿಯಲ್ಲಿ ಬೆಳೆದವಳ ಹಾಗೆ. ಅದನ್ನು ಕೇಳಲೆಂದೇ ನಾನು ಗೆರೆಯ ಪಕ್ಕ ನಿಲ್ಲುತ್ತೇನೆ. ಬೇರೆ ಯಾರಿಗೂ ಇದು ಅಷ್ಟು ದೊಡ್ಡ ವಿಷಯವಲ್ಲ ಎಂದು ನನಗೆ ಗೊತ್ತು.

ದೊಡ್ಡ ವಿಷಯ ಬೇರೆಯೇ ಇದೆ; ಅದಕ್ಕೆ ಫುಟ್‌ಬಾಲ್ ಎಂದು ಹೆಸರು, ಇಲ್ಲಿಯವರು ಆಡುವುದು ಮಾತ್ರ ಕೈಯಿಂದ. ನಮ್ಮನೆಯವರು ಈ ದೇಶಕ್ಕೆ ಬಂದ ಹೊಸದರಲ್ಲಿ ಅದನ್ನು ನೋಡಿ “ಇದೇನೇ ಇದು, ತಲೆಗೆ ಪಾತ್ರೆ ಹಾಕ್ಕೊಂಡು ಗುದ್ದಾಡ್ತಾರೆ” ಎಂದು ನಕ್ಕವರು. ಈಗ ನಮ್ಮೂರ ತಂಡ ಸೋತ ದಿನ ಅವರಿಗೆ ಸಾರು ರುಚಿಸುವುದಿಲ್ಲ. ಆ ತಂಡವೋ, ಸಾರು ರುಚಿಸುವ ಭಾನುವಾರಗಳನ್ನು ಅಪರೂಪ ಮಾಡಿಟ್ಟಿದೆ. ನಾನೂ ಪಕ್ಕದಲ್ಲಿ ಬಟ್ಟೆ ಮಡಚುತ್ತ ಗಮನಿಸಿದ್ದೇನೆ: ನಾಲ್ಕು ಹೆಜ್ಜೆ ಓಡುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಗುಂಪು ಸೇರಿ ಗುಟ್ಟು ಮಾತಾಡುತ್ತಾರೆ. ಅಷ್ಟರಲ್ಲಿ ಜಾಹೀರಾತಿನೊಳಗೆ ಒಂದು ಟ್ರಕ್ ಬೆಟ್ಟ ಹತ್ತುತ್ತದೆ, ಒಬ್ಬಳು ಪಿಜ್ಜಾ ಎಳೆಯುತ್ತಾಳೆ, ಒಂದು ಮಾತ್ರೆ ತಾನು ವಾಸಿ ಮಾಡುವ ರೋಗಕ್ಕಿಂತ ತಾನು ತರುವ ರೋಗಗಳ ಹೆಸರನ್ನೇ ಹೆಚ್ಚು ಹೇಳುತ್ತದೆ. ಆಟ ನಿಂತಾಗಲೆಲ್ಲ ದುಡ್ಡು ಹರಿಯುತ್ತದೆ. ಹರಿದ ದುಡ್ಡು ಆಟಗಾರರನ್ನು ದೇವರು ಮಾಡುತ್ತದೆ, ದೇವರ ಹೆಸರಿನ ಜರ್ಸಿ ಮಕ್ಕಳ ಮೈಮೇಲೆ ಬರುತ್ತದೆ, ಮಕ್ಕಳಿಗಾಗಿ ದೀಪ ಹಾಕಿದ ಮೈದಾನ ಬರುತ್ತದೆ. ನಮ್ಮ ಕಬಡ್ಡಿಗೆ ಪಾರ್ಕಿನ ಹಿಂಭಾಗದಲ್ಲಿ, ಕಸದ ಡಬ್ಬಿಗಳ ಪಕ್ಕದ ಒಂದು ತುಂಡು ಹುಲ್ಲು ಸಿಕ್ಕಿದೆ.

ಫುಟ್‌ಬಾಲ್ ಇಲ್ಲದ ದಿನ ಕಬಡ್ಡಿ ಪಂದ್ಯ ಇಡಿ ಎನ್ನುತ್ತೀರಿ. ನೋಡಿದೆ. ಶುಕ್ರವಾರ ಹೈಸ್ಕೂಲಿನವರ ಫುಟ್‌ಬಾಲ್, ಶನಿವಾರ ಕಾಲೇಜಿನವರದು, ಭಾನುವಾರ, ಸೋಮವಾರ, ಗುರುವಾರ ದೊಡ್ಡವರದು. ಉಳಿದ ಎರಡು ದಿನ ಎಲ್ಲರಿಗೂ ಆಫೀಸು. ಬೇಸಿಗೆಯಲ್ಲಿ ಅರ್ಧ ತಂಡ ಇಂಡಿಯಾದಲ್ಲಿರುತ್ತದೆ, ಚಳಿಗಾಲದಲ್ಲಿ ನೆಲ ಕಲ್ಲಾಗಿರುತ್ತದೆ. ಹಾಗಾಗಿ ಅಕ್ಟೋಬರ್ ಭಾನುವಾರವೇ ಗತಿ.

ಆ ಹಿಂಭಾಗದ ಹುಲ್ಲಿನಲ್ಲಿ ನಮಗೊಬ್ಬ ನೆರೆಯವನಿದ್ದಾನೆ. ಕಾಲಿನ್ ಎಂದು ಹೆಸರು, ಇಂಗ್ಲೆಂಡಿನ ಉತ್ತರದವನು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ರಗ್ಬಿ ಲೀಗ್ ಅಭ್ಯಾಸ ಮಾಡಿಸುತ್ತಾನೆ. ಚೆಂಡು ಹಿಡಿದು ನುಗ್ಗುವವನನ್ನು ಸೊಂಟಕ್ಕೋ ಕಾಲಿಗೋ ತಬ್ಬಿ ಕೆಡಹುವ ಆಟ. ತಲೆಗೆ ಪಾತ್ರೆ ಇಲ್ಲ, ಬಿಡುವೂ ಕಡಿಮೆ. ತಂಡಕ್ಕೆ ಹದಿಮೂರು ಜನ ಬೇಕಂತೆ. ಅಷ್ಟು ಜನ ಒಟ್ಟಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಹುಡುಗಿಯರು ಕಾಲು ಹಿಡಿಯುವುದನ್ನು ನೋಡಿ ಅವನು ನಮ್ಮನ್ನು ನೆಂಟರೆಂದೇ ಒಪ್ಪಿಕೊಂಡ. ಅವನ ಊರಿನಲ್ಲಿ ಕಾಲಿನಿಂದ ಆಡುವ ಫುಟ್‌ಬಾಲಿಗೆ ಟೀವಿಯವರು ಕಣಜ ತುಂಬಿಸಿ ಕೊಡುತ್ತಾರಂತೆ, ಚೆಲ್ಲಿದ ಕಾಳು ಮಾತ್ರ ರಗ್ಬಿ ಲೀಗಿಗೆ. ಅಲ್ಲಿ ಸೋತು ಇಲ್ಲಿಗೆ ಬಂದರೆ, ಇಲ್ಲಿ ಕೈಯಿಂದ ಆಡುವ ಫುಟ್‌ಬಾಲ್ ಬಾಯಿ ತೆರೆದು ಕೂತಿದೆ. ಇಷ್ಟನ್ನು ಹೇಳಿ ಕಾಲಿನ್ ಪ್ರತಿ ವಾರ ನಿಟ್ಟುಸಿರು ಬಿಡುತ್ತಾನೆ, ನಾನೂ ಬಿಡುತ್ತೇನೆ, ಆಮೇಲೆ ಅವನ ಸುಣ್ಣದ ಗಾಡಿಯಲ್ಲೇ ನಮ್ಮ ಗೆರೆಯನ್ನೂ ಎಳೆದುಕೊಡುತ್ತಾನೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾಗರಾಜ್ ಅವರ ಫೋನ್ ಬಂತು. “ಸುಮಾ ಅವ್ರೇ, ಬೇಜಾರ್ ಮಾಡ್ಕೋಬೇಡಿ. ಲಾಸ್ಟ್ ಇಯರ್ ಕಬಡ್ಡಿಗೆ ಬಂದ ಜನಕ್ಕಿಂತ ಉಳಿದ ಪುಳಿಯೋಗರೇನೇ ಜಾಸ್ತಿ ಇತ್ತು. ಈ ಸಲಾನೂ ಹಂಗೇ ಆದ್ರೆ ನೆಕ್ಸ್ಟ್ ಇಯರಿಂದ ಡ್ರಾಪ್ ಮಾಡ್ಬಿಡೋಣ. ಹಾಲ್ ಬುಕ್ ಮಾಡಿ, ದೊಡ್ಡ ಸ್ಕ್ರೀನ್ ಹಾಕಿ, ಎಲ್ರೂ ಒಟ್ಟಿಗೆ ಫುಟ್‌ಬಾಲ್ ಗೇಮ್ ನೋಡೋಣ. ಗಿರೀಶ್ ಸ್ಪಾನ್ಸರ್ ಮಾಡ್ತೀನಿ ಅಂದಿದಾರೆ.” ಗಿರೀಶ್ ಎಂದರೆ ಇಲ್ಲಿ ನಮ್ಮವರಿಗೆಲ್ಲ ಮನೆ ಕೊಡಿಸುವ ರಿಯಲ್ಟರ್. ಅಲ್ಲಿಯವರೆಗೆ ಕಬಡ್ಡಿ ಹುಡುಗಿಯರ ಟೀ ಶರ್ಟಿನ ಬೆನ್ನ ಮೇಲೆ ನಗುತ್ತಿದ್ದವರು ಅವರೇ. ಸಂಘದೊಳಗೂ ಫುಟ್‌ಬಾಲ್ ನಮ್ಮ ಬೆನ್ನನ್ನು ಬಿಡಲಿಲ್ಲ.

ಆ ರಾತ್ರಿ ನಾನು ಊಟ ಬಿಟ್ಟೆ. ನಮ್ಮನೆಯವರಿಗೆ ಕನಿಕರ ಬಂತು. ಕನಿಕರ ಬಂದಾಗ ಅವರು ಉಪಾಯ ಹೇಳುತ್ತಾರೆ, ಅದೇ ಅಪಾಯ. “ನೋಡು ಸುಮಾ, ದುಡ್ಡು ಆಟದಲ್ಲಿಲ್ಲ ಕಣೇ, ಬ್ರೇಕ್‌ನಲ್ಲಿದೆ. ನಿನ್ ಕಬಡ್ಡೀಲಿ ಬ್ರೇಕೇ ಇಲ್ಲ, ಇನ್ ಟೀವಿಯವ್ರು ಯಾಕ್ ಬರ್ತಾರೆ? ನಾವೇ ಲೈವ್‌ಸ್ಟ್ರೀಮ್ ಮಾಡೋಣ. ಮಧ್ಯೆ ಮಧ್ಯೆ ಗಿರೀಶ್ ಆ್ಯಡ್ ಹಾಕೋಣ. ಅವ್ರು ವಾಪಸ್ ಬರ್ತಾರೆ, ಜನಾನೂ ಬರ್ತಾರೆ.” ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಕಡ್ಡಿಯ ಗುಣಮಟ್ಟ ನೋಡದೆ ಹೂಂ ಎಂದೆ.

ಪಂದ್ಯಕ್ಕೆ ಬೇರೆ ಊರುಗಳ ಕನ್ನಡ ಸಂಘಗಳ ತಂಡಗಳನ್ನು ಕರೆದಿದ್ದೆವು. ಆ ದಿನ ಅಟ್ಲಾಂಟಾದ ತಂಡ ಬರಲಿಲ್ಲ. ಅಪ್ಪಂದಿರಿಗೆ ಅಲ್ಲಿ ಮುಖ್ಯವಾದ ಗೇಮ್ ಇತ್ತಂತೆ. ರಾಲಿಯ ಹುಡುಗಿಯರು ಮಾತ್ರ ಕತ್ತಲಲ್ಲೇ ಎದ್ದು, ವ್ಯಾನಿನಲ್ಲಿ ಇಡ್ಲಿ ತಿನ್ನುತ್ತ ಬಂದಿದ್ದರು. ನೋಡುವುದಕ್ಕೆ ಅಮ್ಮಂದಿರು, ಒಬ್ಬರ ಮನೆಗೆ ಬಂದಿದ್ದ ಅಜ್ಜ ಅಜ್ಜಿ, ಮತ್ತು ಕಾಲಿನ್. ನಮ್ಮನೆಯವರು ಟ್ರೈಪಾಡ್ ನಿಲ್ಲಿಸಿ, ಕೊರಳಿಗೆ ಸೀಟಿ ಕಟ್ಟಿಕೊಂಡು, ಗಡಿಯಾರ ನೋಡುತ್ತ ನಿಂತರು. ಅವರ ಸೀಟಿ ಕೇಳಿದರೆ ಆಟ ನಿಲ್ಲಬೇಕು, ಜಾಹೀರಾತು ಓಡಬೇಕು. ಮೊದಲ ಎರಡು ಬಿಡುವು ಸಲೀಸಾಗಿ ಹೋದವು. ಮೊಬೈಲಿನೊಳಗೆ ಗಿರೀಶ್ ನಿಮ್ಮ ಕನಸಿನ ಮನೆ ಎನ್ನುತ್ತಿದ್ದರು, ಹುಡುಗಿಯರು ಕಿತ್ತಳೆ ತಿನ್ನುತ್ತಿದ್ದರು.

ಕೊನೆಯ ಹೊತ್ತಿಗೆ ಎರಡೂ ತಂಡ ಸಮಸಮ. ಅದಿತಿಯ ರೈಡ್. ನುಗ್ಗಿದಳು, ಒಬ್ಬಳನ್ನು ಮುಟ್ಟಿದಳು, ತಿರುಗಿದಳು. ರಾಲಿಯ ಇಬ್ಬರು ಅವಳ ಹಿಮ್ಮಡಿಗೆ ಜೋತುಬಿದ್ದರು. ಆದರೂ ಮೊಣಕೈ ಊರಿ ತೆವಳುತ್ತಿದ್ದಾಳೆ, ಬಾಯಲ್ಲಿ ಕಬಡ್ಡಿ ಕಬಡ್ಡಿ ನಿಂತಿಲ್ಲ, ಗೆರೆ ಒಂದು ಗೇಣು ದೂರ. ನಾನು ಎದ್ದು ಕುಣಿಯುತ್ತಿದ್ದೇನೆ, ಅಜ್ಜ ಕೋಲು ಎತ್ತಿದ್ದಾರೆ, ಕಾಲಿನ್ ಅವನ ಭಾಷೆಯಲ್ಲಿ ಏನೋ ಬೊಬ್ಬೆ ಹೊಡೆಯುತ್ತಿದ್ದಾನೆ. ಆಗ ನಮ್ಮನೆಯವರು ಸೀಟಿ ಊದಿದರು. ಗಡಿಯಾರದ ಪ್ರಕಾರ ಜಾಹೀರಾತಿನ ಸಮಯ.

ನಿಲ್ಲು ಎಂದರೆ ನಿಲ್ಲಬೇಕು ಎಂದು ನಾನೇ ಕಲಿಸಿದ್ದೆ. ಎಲ್ಲರೂ ಇದ್ದಲ್ಲೇ ಕಲ್ಲಾದರು. ಅದಿತಿ ಹುಲ್ಲಿನ ಮೇಲೆ ಬೋರಲಾಗಿ, ಕೈ ಚಾಚಿ, ಕಾಲಿಗೆ ಇಬ್ಬರನ್ನು ಅಂಟಿಸಿಕೊಂಡು ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದ್ದಳು. ಮುಖ ಕೆಂಪಾಯಿತು. ಗಿರೀಶ್ ಮೂರು ಬೆಡ್‌ರೂಮು ತೋರಿಸಿ ಅಡುಗೆಮನೆಗೆ ಬಂದರು. ಅವಳ ದನಿ ಸಣ್ಣಗಾಯಿತು. ಕೊನೆಗೆ ನನ್ನ ಕಡೆ ಕಣ್ಣು ಹೊರಳಿಸಿ, “ಅಮ್ಮಾ, can I breathe?” ಎಂದಳು.

“ಉಸಿರು ಬಿಟ್ಳು! ಔಟ್!” ಎಂದರು ರಾಲಿಯ ಕೋಚ್. ನ್ಯಾಯವಾಗಿ ಅದು ಸರಿ. ಕಬಡ್ಡಿ ಶುರುವಾದಾಗಿನಿಂದ ಅದೊಂದೇ ಕಾಯಿದೆ: ಉಸಿರು ಬಿಟ್ಟವರು ಹೊರಗೆ. ಒಂದು ಪಾಯಿಂಟಿನಿಂದ ಸೋತೆವು. “ರೀ, ನಿಮ್ಗೆ ಕಣ್ ಕಾಣ್ಸಲ್ವಾ?” ಎಂದೆ. “ನಾನ್ ಗಡಿಯಾರ ನೋಡ್ತಿದ್ದೆ ಕಣೇ” ಎಂದರು ಪಾಪ. ಅದಿತಿ ಮನೆ ತಲುಪುವವರೆಗೆ ಮೊಣಕೈಗೆ ಅಂಟಿದ ಹುಲ್ಲು ಕೀಳುತ್ತಿದ್ದಳು. ಲೈವ್ ನೋಡಿದ ಬೆರಳೆಣಿಕೆಯ ಜನರಲ್ಲಿ ನಮ್ಮನೆಯವರ ಇನ್ನೊಂದು ಫೋನೂ ಸೇರಿತ್ತು. ಗಿರೀಶ್ ಅವರೂ ನೋಡಿದರಂತೆ. “ನನ್ ಆ್ಯಡ್ ಚೆನ್ನಾಗ್ ಬಂತು ಮೇಡಂ. ಆಮೇಲೆ ಗೇಮ್ ಇತ್ತಲ್ಲ, ಆ ಕಡೆ ಹೋದೆ” ಎಂದರು.

ಮುಂದಿನ ಭಾನುವಾರ ಕಮಿಟಿಯ ಝೂಮ್. ಎರಡು ಗೇಮ್‌ಗಳ ನಡುವಿನ ಸಂದಿಯಲ್ಲಿ ಇಟ್ಟಿದ್ದರು. ಆದರೆ ಮೊದಲನೆಯದು ಓವರ್‌ಟೈಮಿಗೆ ಎಳೆದುಕೊಂಡಿತು. ನಾನು ಈ ಸಲ ಚಪಾತಿ ಮುಟ್ಟಲಿಲ್ಲ. ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ವಿಡಿಯೋ ಆನ್ ಮಾಡಿ, ಅನ್‌ಮ್ಯೂಟ್ ಆಗಿದ್ದೇನೆಂದು ಮೂರು ಸಲ ನೋಡಿಕೊಂಡು ಕೂತೆ. ನನ್ನ ಸಲುವಾಗಿ ನಮ್ಮನೆಯವರು ಟೀವಿಯ ದನಿ ಪೂರ್ತಿ ಅಡಗಿಸಿದ್ದರು. ಮಗಳ ಆ ಒಂದು ಉಸಿರಿನ ಬಗ್ಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ನಾಗರಾಜ್ ಅವರು, “ಕಬಡ್ಡಿ ಬದ್ಲು ಬಿಗ್ ಸ್ಕ್ರೀನ್. ಸುಮಾ ಅವ್ರೇ, ನೀವೇನ್ ಹೇಳ್ತೀರಾ?” ಎಂದರು.

ಬಾಯಿ ತೆರೆದೆ. ಆ ಗಳಿಗೆಯಲ್ಲೇ ಕಣ್ಣ ತುದಿಯಲ್ಲಿ, ಟೀವಿಯೊಳಗೆ ಎದುರಾಳಿ ತಂಡದ ದಾಂಡಿಗನೊಬ್ಬ ಚೆಂಡು ಅವುಚಿಕೊಂಡು ಗೆರೆಯ ಕಡೆ ನುಗ್ಗುತ್ತಿದ್ದ, ನಮ್ಮೂರಿನವನು ಅವನ ಸೊಂಟಕ್ಕೆ ಸುಮ್ಮನೆ ಕೈಹಾಕುತ್ತಿದ್ದ. “ಕಾಲ್ ಹಿಡಿಯೋ! ಕಾಲ್ ಹಿಡ್ಕೊಳ್ಳೋ ಅವನ್ದು, ಬಿಡ್ಬೇಡ!” ಎಂದು ಇಡೀ ಕಮಿಟಿಗೆ ಕೇಳುವಂತೆ ಕಿರುಚಿಬಿಟ್ಟೆ.

ಝೂಮಿನ ಎಲ್ಲ ಚೌಕಗಳಲ್ಲೂ ನಗು. “ನೋಡಿ, ನಿಮ್ಮನೇಲೂ ಅದೇ! ಸುಮಾ ಅವ್ರಷ್ಟು ಉತ್ಸಾಹ ಯಾರಿಗಿದೆ? ಬಿಗ್ ಸ್ಕ್ರೀನ್ ಜವಾಬ್ದಾರೀನೂ ಅವ್ರಿಗೇ ಇರ್ಲಿ” ಎಂದರು ಅಧ್ಯಕ್ಷರು. ನನ್ನ ಮುಖ ಬಾಡಿದ್ದನ್ನು ನೋಡಿ ಅವರ ಮನಸ್ಸೂ ಕರಗಿರಬೇಕು. “ಬೇಜಾರ್ ಬೇಡ, ಹಾಫ್‌ಟೈಮ್ ಬ್ರೇಕ್‌ನಲ್ಲಿ ನಿಮ್ ಹುಡುಗೀರು ಹತ್ತು ನಿಮಿಷ ಕಬಡ್ಡಿ ಆಡ್ಲಿ” ಎಂದು ಸೇರಿಸಿದರು. ಕಬಡ್ಡಿಯೊಳಗೆ ಜಾಹೀರಾತು ತುರುಕಲು ಹೋದವಳಿಗೆ, ಜಾಹೀರಾತಿನ ಜಾಗದೊಳಗೆ ಕಬಡ್ಡಿ ಸಿಕ್ಕಿತು. ಮೌನಕ್ಕೆ ಒಂದು ಹುದ್ದೆ, ಮಾತಿಗೆ ಇನ್ನೊಂದು. ನಾನು ಥ್ಯಾಂಕ್ಸ್ ಎಂದೆ.

ಅದಿತಿಗೆ ಹೇಳಿದೆ. “ಹತ್ತು ನಿಮಿಷ ಓಕೆ ಅಮ್ಮಾ. But will anyone watch?” ಎಂದಳು. ನಾನು ಹೌದು ಎಂದೆ, ಅಮ್ಮಂದಿರು ಹೇಳುವ ಹಾಗೆ. ಹಾಫ್‌ಟೈಮಿನಲ್ಲಿ ಜನರೆಲ್ಲ ಎಲ್ಲಿರುತ್ತಾರೆಂದು ನನಗೆ ಗೊತ್ತು: ಸ್ಕ್ರೀನಿಗೆ ಬೆನ್ನು ಹಾಕಿ, ಪುಳಿಯೋಗರೆಯ ಸಾಲಿನಲ್ಲಿ. ನಾನಾದರೂ ನೋಡಬಹುದಿತ್ತು. ಆದರೆ ಜವಾಬ್ದಾರಿ ನನ್ನದಲ್ಲವೇ, ಬಡಿಸುವವಳು ನಾನೇ.