ಡೆನ್ಮಾರ್ಕಿನ ಆಡು ಬೆಂಜ್ ಸರ್ಕಲ್‌ಗೆ ಬಂದದ್ದು

ಹಟ ಹಿಡಿಯುವುದು ಎಲ್ಲರಿಗೂ ಒಗ್ಗುವ ಗುಣವಲ್ಲ. ನನಗಂತೂ ಹುಟ್ಟಿನಿಂದಲೇ ಒಗ್ಗಿಲ್ಲ. ಬೆಳಗಿನ ವಾಕಿಂಗು, ಸಕ್ಕರೆಯಿಲ್ಲದ ಚಹಾ, ಯೋಗಾಸನ ಎಲ್ಲವೂ ನನ್ನ ಬಾಳಿಗೆ ಬಂದು, ಕೂರಲು ಜಾಗ ಸಿಗದೆ ಎದ್ದುಹೋದವು. ಬ್ಯಾಂಕಿನ ವರ್ಗಾವಣೆ ಆದೇಶ ಬಂದಾಗಲೂ ಅಷ್ಟೇ. ಈ ಸಲ ಮೇಲಿನವರನ್ನು ಒಂದು ಕೈ ನೋಡಿಯೇ ಬಿಡುತ್ತೇನೆಂದು ಹೆಂಡತಿಯ ಮುಂದೆ ಗುಡುಗಿ, ಮರುದಿನ ಸೂಟ್‌ಕೇಸ್ ತುಂಬಿಕೊಂಡವನು ನಾನು. ಅಂಥವನು ಒಂದೇ ಒಂದು ವಿಷಯದಲ್ಲಿ ಹಟ ಹಿಡಿದೆ. ಅದಕ್ಕೆ ಕಾರಣ ಡೆನ್ಮಾರ್ಕಿನ ಒಬ್ಬ ಮುದುಕಿ.

ಧಾರವಾಡದವರಾದ ನಾವು ವಿಶಾಖಪಟ್ಟಣಕ್ಕೆ ಬಂದಾಗ ಮಗಳು ಚಿನ್ಮಯಿಗೆ ಇನ್ನೂ ಮಾತು ಬಂದಿರಲಿಲ್ಲ. ಬಂದಾಗ ತೆಲುಗಿನಲ್ಲೇ ಬಂತು. ಆಮೇಲೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಮಗಳ ಶಾಲೆ ತಪ್ಪಬಾರದೆಂದು ಹೆಂಡತಿ ಸುಮಾ ವಿಶಾಖಪಟ್ಟಣದಲ್ಲೇ ಉಳಿದಳು. ಮನೆಯಲ್ಲಿ ಕನ್ನಡದ ಪರವಾಗಿದ್ದ ಒಂದು ಓಟು ಹಾಗೆ ಕಡಿಮೆಯಾಯಿತು. ಊರಿನಿಂದ ನಮ್ಮವ್ವ ಫೋನ್ ಮಾಡಿದರೆ ಚಿನ್ಮಯಿ "ಬಾಗುನ್ನಾವಾ ನಾನಮ್ಮಾ?" ಎಂದು ತೆಲುಗಿನಲ್ಲೇ ಅಜ್ಜಿಯ ಕ್ಷೇಮ ಕೇಳುತ್ತಾಳೆ. ಅವ್ವ ತಪ್ಪು ನಂಬರಿಗೆ ಹೋಯಿತೇನೋ ಎಂದು ಗಾಬರಿಯಾಗುತ್ತಾಳೆ. ಕಡೆಗೊಂದು ದಿನ ನನ್ನ ಹತ್ತಿರ ಹೇಳಿದಳು. "ಬ್ಯಾಸಗಿಗೆ ಬರಬೇಕಂತ ಮಾಡಿದ್ದೆ. ಬಂದು ಕೂಸಿನ ಕೂಡ ಏನ ಮಾತಾಡಲೋ? ಒಬ್ಬರ ಮಾರಿ ಒಬ್ಬರು ನೋಡಕೋತ ಕುಂದರೂದೇನು?" ಆ ಮಾತು ನನಗೆ ಚುಚ್ಚಿತು. ಬಹಳ ದುಃಖವಾಯಿತು.

ಅದೇ ಸುಮಾರಿಗೆ ಚಿನ್ಮಯಿಗೆ ಶಾಲೆಯಲ್ಲಿ ಒಂದು ಚಿತ್ರಪುಸ್ತಕ ಬಹುಮಾನವಾಗಿ ಬಂತು. ಡ್ಯಾನಿಷ್‌ನಿಂದ ಇಂಗ್ಲಿಷಿಗೆ ಬಂದದ್ದು. ಬರೆದಾಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಗೆ ಉಚ್ಚರಿಸಿದರೂ ತಪ್ಪಾಗುವ ಹೆಸರದು. ಹಿಂಬದಿಯಲ್ಲಿ ಆಕೆಯ ಬಾಳಿನ ಕಥೆಯಿತ್ತು. ಬಂದರಿನ ಊರಿನಲ್ಲಿ ಬಲೆ ಹೆಣೆಯುವವನ ಮಗಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ತನ್ನ ಮಕ್ಕಳಿಗೆ ಹೇಳಿದ್ದನ್ನೇ ಬರೆದಳಂತೆ. ಇಷ್ಟು ಸಣ್ಣ ಭಾಷೆಯಲ್ಲಿ ಬರೆದರೆ ಯಾರು ಓದುತ್ತಾರೆ, ಜರ್ಮನ್‌ನಲ್ಲಿ ಬರೆಯಬಾರದೇ ಎಂದವರಿಗೆ, ತನ್ನ ಮಕ್ಕಳು ಜರ್ಮನ್‌ನಲ್ಲಿ ಅಳುವುದಿಲ್ಲ ಎಂದಳಂತೆ. ಆಕೆ ತೀರಿಕೊಂಡ ಮೇಲೂ ಊರಿನ ಮಕ್ಕಳು ಅದೇ ಅಡುಗೆಮನೆಯಲ್ಲಿ ಕೂತು ಆಕೆಯ ಕಥೆಗಳನ್ನು ಕೇಳುತ್ತಾರಂತೆ. ರಜೆಯಲ್ಲಿ ಮನೆಗೆ ಹೋದಾಗ ಅದನ್ನೋದಿ ನನಗೆ ಎಲ್ಲಿಲ್ಲದ ಆವೇಶ ಬಂತು. ಪುಟಗಳ ಫೋಟೋ ತೆಗೆದುಕೊಂಡೆ. ದಿನಾ ಸಂಜೆ ವಿಜಯವಾಡದಿಂದ ಫೋನಿನಲ್ಲಿ ಈ ಕಥೆಯನ್ನು ಮಗಳಿಗೆ ಕನ್ನಡದಲ್ಲಿ ಹೇಳಿಯೇ ತೀರುತ್ತೇನೆಂದು ಸುಮಾಳಿಗೆ ಸಾರಿದೆ. ಅವಳು ಯೋಗಾಸನದ ಚಾಪೆ ಎಲ್ಲಿದೆಯೆಂದು ಕೇಳಿದಳು.

ಕಥೆ ಸಮುದ್ರ ನೋಡಲು ಹೊರಟ ಒಂದು ಆಡಿನದು. ಕಡಲ ಪಕ್ಕದಲ್ಲೇ ಬೆಳೆದ ಹುಡುಗಿಗೆ ಇದರಲ್ಲಿ ಅಂಥದ್ದೇನಿದೆ ಎನ್ನುವುದೇ ತಲೆಗೆ ಹತ್ತಲಿಲ್ಲ. "ಬೀಚ್‌ಕಿ ಬಸ್ಸು ಲೇದಾ ನಾನ್ನಾ?" ಎಂದಳು, ಆಡಿಗೆ ಬಸ್ಸೇ ಇರಲಿಲ್ಲವೇ ಅಪ್ಪಾ ಎನ್ನುವಂತೆ. ಕನ್ನಡದಲ್ಲಿ ಕೇಳಿದರೆ ಮಾತ್ರ ಉತ್ತರ ಎಂದೆ. ಹಿಮ ಎಂದರೇನು ಎಂದು ಕೇಳಿದಾಗ "ಫ್ರಿಜ್ಜಿನ ಮ್ಯಾಲಿನ ಖಾನೆದಾಗ ಇರತೈತಲ್ಲ, ಅದು" ಎಂದೆ. ಅಂದಿನಿಂದ ಆ ಬಡಪಾಯಿ ಆಡು ಫ್ರಿಜ್ಜಿನೊಳಗೇ ನಡೆಯತೊಡಗಿತು. ಇನ್‌ಸ್ಪೆಕ್ಷನ್ ಇದ್ದಾಗಲೂ ಹೇಳಿದೆ, ಜ್ವರ ಬಂದಾಗಲೂ ಹೇಳಿದೆ. "ರೀ, ನಿಮ್ಮ ದನಿ ಹೋಗೇತಿ. ಇವತ್ತೊಂದಿನ ಬಿಡ್ರಿ" ಎಂದಳು ಸುಮಾ. "ಆಡ ಬಿಟ್ಟಿಲ್ಲ, ನಾ ಬಿಡಲೇನು?" ಎಂದೆ. ಇಷ್ಟು ಖಡಕ್ಕಾಗಿ ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ.

ಬೇಸಿಗೆ ಬಂತು. ಏನಾದರಾಗಲಿ ಎಂದು ಅವ್ವನನ್ನು ಕರೆಸಿದೆ. ರಜೆ ಹಾಕಿ, ವಿಶಾಖಪಟ್ಟಣದ ಹೊರಗಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಿಕೊಂಡು ಮನೆಗೆ ಕರೆತಂದೆ. ಚಿನ್ಮಯಿ ಅಮ್ಮನ ಬೆನ್ನ ಹಿಂದೆ ಸೇರಿಕೊಂಡಳು. ಅವ್ವ ಚೀಲ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದಳು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಈಚೆ ಬಂದು ಅಜ್ಜಿಯ ಸೆರಗು ಹಿಡಿದಳು.

"ಅಜ್ಜಿ, ಕಥಿ ಹೇಳಲೇನು? ಒಂದ ಊರಾಗ ಒಂದ ಆಡ ಇತ್ತು. ಅದಕ್ಕ ಸಮುದ್ರ ನೋಡಬೇಕಂತ ಆಸೆ ಆತು. ನಡಕೋತ ಹೊಂಟಿತು. 'ಏ ಆಟೋ, ಮೈಮ್ಯಾಲ ಬರತೀಯೇನಲೇ!' ಅಂತು. ಆಮ್ಯಾಲ ಹಿಮದಾಗ ಹೋತು. 'ಹಲೋ, ಹೇಳ್ರಿ ಸರ್. ತಪ್ಪಾತ್ರಿ ಸರ್. ಈಗ ಬಂದೇರಿ ಸರ್' ಅಂತು."

ಧಾರವಾಡದ ಅಚ್ಚ ಕನ್ನಡ! ನಾನು ಹಿಗ್ಗುತ್ತಿದ್ದವನು ಅಲ್ಲೇ ತಣ್ಣಗಾದೆ. ಸಂಜೆ ಕಿವಿಗೆ ಫೋನಿಟ್ಟುಕೊಂಡು ವಿಜಯವಾಡದ ಬೆಂಜ್ ಸರ್ಕಲ್ ದಾಟುತ್ತ ನಾನು ಆಟೋದವರನ್ನು ಬೈದದ್ದು, ನಡುವೆ ಇನ್ನೊಂದು ಫೋನಿನಲ್ಲಿ ವಿಜಯಪುರದವರಾದ ನಮ್ಮ ಮ್ಯಾನೇಜರಿಗೆ ಹಲ್ಲುಗಿಂಜಿದ್ದು, ಒಂದಕ್ಷರ ಬಿಡದೆ ಡೆನ್ಮಾರ್ಕಿನ ಕಥೆಯೊಳಗೆ ಸೇರಿಹೋಗಿತ್ತು.

ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೇನಾಯಿತೆಂದು ಕೇಳಿದಳು. ಅವಳು ಹೇಳಿದಳು, ಇವಳು ಮತ್ತೆ ಕೇಳಿದಳು. ಇಬ್ಬರ ಮಾತು ಊಟದ ಹೊತ್ತಾದರೂ ಮುಗಿಯಲಿಲ್ಲ.

ತಟ್ಟೆಯ ಮುಂದೆ ಕೂತಾಗ, ಕಥೆ ಯಾರದೆಂದು ನನ್ನಿಂದ ಕೇಳಿ ತಿಳಿದುಕೊಂಡು ಅವ್ವ ಹೇಳಿದಳು. "ಆ ಡೆನ್ಮಾರ್ಕಿನಾಕಿ ಭಾಳ ಶಾಣ್ಯಾ ಹೆಣ್ಣಮಗಳು ಬಿಡೋ. ಆಡಿನ ಸ್ವಭಾವ ಬರೋಬರಿ ಹಿಡದಾಳ. ಬಡವರ ಮ್ಯಾಲ ಒದರತೈತಿ, ದೊಡ್ಡವರ ಮುಂದ ಬಾಲ ಅಲ್ಲಾಡಸತೈತಿ. ಅಂಥಾದ್ದೊಂದನ್ನ ಆಕಿ ಎಲ್ಲಿ ನೋಡಿದ್ದಳೋ ಏನೋ!"

ಸುಮಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನು ಮಾತ್ರ ತುಟಿ ಬಿಚ್ಚಲಿಲ್ಲ. ದೊಡ್ಡ ಲೇಖಕಿಗೆ ಸಲ್ಲಬೇಕಾದ ಕೀರ್ತಿಯನ್ನು ನಾನು ಕಸಿದುಕೊಳ್ಳಬಾರದಲ್ಲ.