ಮಣ್ಣು ನೆಕ್ಕಿ ರೀಮರ್ ಆರಿಸುವ ಮಾವ

ನನ್ನ ಸೋದರಮಾವ ಬೆಂಗಳೂರಿನ ಮಣ್ಣು ತಿಂದಷ್ಟು ನಮ್ಮತ್ತೆ ಮಾಡಿದ ಅನ್ನ ತಿಂದಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಶಂಕರಪುರದ ಅವರ ಮನೆಗೆ ಹೋಗಿ ನೋಡಿ. ಅತ್ತೆ ಕಾಫಿಗಿಂತ ಮೊದಲು ಈ ದೂರನ್ನೇ ತಂದಿಡುತ್ತಾರೆ.

ಮಾವನ ಕಸುಬು ರಸ್ತೆ ಅಗೆಯದೆ ರಸ್ತೆಯಡಿ ಪೈಪು ತೂರಿಸುವುದು. ಈ ಬದಿಯಲ್ಲಿ ಯಂತ್ರ ನಿಲ್ಲಿಸಿ, ಒಂದಕ್ಕೊಂದು ರಾಡು ಜೋಡಿಸುತ್ತಾ, ಆ ಬದಿಯ ಗುಂಡಿಯವರೆಗೆ ಸಣ್ಣ ರಂಧ್ರ ಕೊರೆಯುತ್ತಾರೆ. ಆಮೇಲೆ ಆ ತುದಿಗೆ ರೀಮರ್ ಎಂಬ ದಪ್ಪ ಕಬ್ಬಿಣದ ತಲೆ ಕಟ್ಟಿ, ತಿರುಗಿಸುತ್ತಾ ವಾಪಸು ಎಳೆದರೆ ರಂಧ್ರ ಅಗಲವಾಗುತ್ತದೆ. ಕೆಮ್ಮಣ್ಣಿಗೆ ಅಲಗಿನ ಚಕ್ರದ ರೀಮರ್, ಕುಸಿಯುವ ಮರಳಿಗೆ ಪೀಪಾಯಿಯಂಥದ್ದು, ಕಲ್ಲಿಗೆ ಉರುಳುವ ಹಲ್ಲಿನದ್ದು. "ಹೆಂಡ್ತೀನ ತಪ್ಪಾಗಿ ಆರಿಸ್ಕೊಂಡ್ರೂ ಹೇಗೋ ಸುಧಾರಿಸ್ಬೋದು, ರೀಮರ್ ತಪ್ಪಬಾರ್ದು" ಎಂದು ಅತ್ತೆಯ ಎದುರಿಗೇ ಹೇಳುತ್ತಾರೆ. ಧೈರ್ಯ ನೋಡಿ!

ಬೇರೆಯವರು ರೀಮರ್ ಆರಿಸಲು ಮಣ್ಣಿನ ರಿಪೋರ್ಟು ಓದುತ್ತಾರೆ. ನಮ್ಮ ಮಾವ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಹಲ್ಲಿನ ನಡುವೆ ಕಚ್ಚಿ, "ನುಣುಪಿಲ್ಲ, ಕೆಳಗೆ ಕಲ್ಲಿದೆ" ಎನ್ನುತ್ತಾರೆ. ನನ್ನ ತಂಗಿಯ ಮದುವೆಯ ದಿನ ಛತ್ರದ ಬಾಗಿಲಲ್ಲೇ ಯಾರೋ ಗುಂಡಿ ತೋಡಿದ್ದರು. ರೇಷ್ಮೆ ಪಂಚೆಯುಟ್ಟ ಮಾವ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿನ ರುಚಿ ನೋಡುವಾಗಲೇ ಬೀಗರ ಕಾರು ಬಂದು ನಿಲ್ಲಬೇಕೆ? ಬೀಗಿತ್ತಿ ನಮ್ಮಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರು: "ನಿಮ್ಮಣ್ಣಂಗೆ ಮನೇಲಿ ಹೊಟ್ಟೆ ತುಂಬ ಊಟ ಹಾಕ್ತಾರೆ ತಾನೆ?"

ಬಸವನಗುಡಿಯ ಕಥೆ ಇನ್ನೂ ಚೆನ್ನ. ನೆಲದಡಿ ರೀಮರ್ ಬರುತ್ತಿದ್ದಾಗ ಮಾವ ರಸ್ತೆಯ ಅಂಚಿನಲ್ಲಿ ಉದ್ದಕ್ಕೆ ಮಲಗಿ, ನೆಲಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದರು. ಎದುರು ಮನೆಯ ಅಜ್ಜಿ ನೋಡಿ, "ಅಯ್ಯೋ, ಯಾರ ಮನೇವ್ರೋ ಪಾಪ" ಎನ್ನುತ್ತಾ ಬಂದು, ಬಾಯಿ ಬಿಡಿಸಿ, ಗಂಗಾಜಲವನ್ನೇ ಹಾಕಿಬಿಟ್ಟರು! ಮಾವ ಕೆಮ್ಮುತ್ತಾ ಎದ್ದು ಕೂತು, "ಅಮ್ಮಾ, ಸದ್ದು ಮಾಡ್ಬೇಡಿ, ಕೆಳಗೆ ಕಲ್ಲು ಮಾತಾಡ್ತಿದೆ" ಎಂದರು. ಆ ವಯಸ್ಸಿನಲ್ಲಿ ಅಜ್ಜಿ ಅಷ್ಟು ಜೋರಾಗಿ ಓಡಿದ್ದನ್ನು ಯಾರೂ ನೋಡಿರಲಿಲ್ಲವಂತೆ.

ಕೆಳಗೆ ಕಲ್ಲಿದೆಯೆಂದು ಮಾವ ಆಗಲೇ ಕೆಲಸ ನಿಲ್ಲಿಸಿದರು. ಹೊಸ ಇಂಜಿನಿಯರ್ ಹುಡುಗಿ ಸಿಡಿದೆದ್ದಳು.

"ಸಾರ್, ರಿಪೋರ್ಟಲ್ಲಿ ಬರೀ ಮಣ್ಣು ಅಂತಿದೆ!"

"ರಿಪೋರ್ಟ್ ಬರೆದೋರು ಕೆಳಗೆ ಇಳಿದು ನೋಡಿದ್ರೇನಮ್ಮಾ?"

"ಸಂಜೆಯೊಳಗೆ ರಸ್ತೆ ಬಿಡ್ಬೇಕು ಸಾರ್."

"ರಸ್ತೆ ನಾಳೆ ಬಿಟ್ರೂ ಜನ ಬೈಕೊಂಡು ಬದುಕ್ತಾರೆ. ಕಲ್ಲಿನ ರೀಮರ್ ಬರೋವರ್ಗೂ ಯಾರೂ ಮಿಷನ್ ಮುಟ್ಟೋ ಹಾಗಿಲ್ಲ."

ಅವಳು ಮೇಲಿನವರಿಗೆ ದೂರು ಕೊಟ್ಟಳು. ಮಾವ ಯಂತ್ರದ ಕೀಲಿಯನ್ನು ಜೇಬಿಗಿಳಿಸಿ ಮನೆಗೆ ಬಂದು ಮಲಗಿದರು.

ಇದನ್ನೆಲ್ಲ ವರ್ಷಗಟ್ಟಲೆ ಕಂಡಕಂಡವರಿಗೆ ಹೇಳಿ ನಗಿಸಿದವಳು ನಾನೇ. ಈಚೆಗೆ ಒಂದು ಭಾನುವಾರ ಮಾವನಿಗೆ ಮಂಡಿ ಊದಿಕೊಂಡಿತ್ತು. ಎನ್.ಆರ್. ಕಾಲೋನಿಗೆ ಸ್ಕೂಟರಿನಲ್ಲಿ ಬಿಡಲು ಹೇಳಿದರು. ದಾರಿಯಲ್ಲಿ ಕೀಟಲೆಗೆ ಕೇಳಿದೆ: "ಮಾವ, ಈ ಮಣ್ಣು ನೆಕ್ಕೋ ಹುಚ್ಚು ಯಾವಾಗ ಶುರುವಾಯ್ತು?"

ನನ್ನ ಬೆನ್ನ ಹಿಂದಿನಿಂದ ಮಾವನ ದನಿ ಕೇಳಿತು.

"ಚಾಮರಾಜಪೇಟೇಲಿ ಕಣೇ. ಕೈಲಿದ್ದಿದ್ದು ಅಲಗಿನ ರೀಮರ್. ಕಲ್ಲಿಂದು ಮಾರನೇ ದಿನ ಬರೋದಿತ್ತು. ರಂಧ್ರದಿಂದ ಕಲ್ಲಿನ ಚೂರು ಬರ್ತಾ ಇರೋದು ನೋಡ್ದೆ. ನೋಡೀನೂ, ಪರವಾಗಿಲ್ಲ ಎಳೀರಿ ಅಂದೆ."

ರೀಮರ್ ರಸ್ತೆಯ ನಡುವೆ ಕಲ್ಲಿಗೆ ಸಿಕ್ಕಿಕೊಂಡಿತು. ಅದರ ಬೆನ್ನಿಗೆ ಜೋಡಿಸಿ ಆಚೆ ಬದಿಯ ಗುಂಡಿಯವರೆಗೆ ಬಿಟ್ಟಿದ್ದ ರಾಡನ್ನು ಬಿಚ್ಚಲು ಆ ಗುಂಡಿಗೆ ಗಂಗಣ್ಣ ಎಂಬ ಕೆಲಸಗಾರ ಪಾನಾ ಹಿಡಿದು ಇಳಿದ. ಮಾವ ಈಚೆ ಯಂತ್ರದ ಪಕ್ಕ ಫೋನು ಹಿಡಿದು ನಿಂತಿದ್ದರು.

"ಲಾರಿ ಸದ್ದು. ಫೋನಲ್ಲಿ ಗಂಗಣ್ಣ ಆಯ್ತು ಅಂದ ಅನ್ಕೊಂಡೆ. ಇನ್ನೂ ಆಗಿಲ್ಲ ಅಂದಿದ್ನಂತೆ. ತಿರುಗ್ಸಿ ಅಂದ್ಬಿಟ್ಟೆ."

ಸಿಕ್ಕಿದ್ದ ರೀಮರ್ ಒಮ್ಮೆಲೇ ಬಿಟ್ಟುಕೊಂಡು ರಾಡು ಗಿರ್ರನೆ ತಿರುಗಿತು. ಪಾನಾದ ಜೊತೆಗೆ ಗಂಗಣ್ಣನ ಬಲಗೈಯೂ ತಿರುಗಿತು. ಆಸ್ಪತ್ರೆಯಲ್ಲಿ ಅದನ್ನು ಮಣಿಕಟ್ಟಿನಿಂದ ತೆಗೆಯಬೇಕಾಯಿತಂತೆ.

ಎದುರಿಗೆ ಬಂದ ಹೊಂಡವನ್ನು ತಪ್ಪಿಸಿ, ಸ್ಕೂಟರನ್ನು ನಿಧಾನಕ್ಕೆ ಓಡಿಸಿದೆ.

ಮಾವ ಇಳಿದದ್ದು ಒಂದು ಸಣ್ಣ ವಠಾರದ ಮುಂದೆ. ಜಗಲಿಯ ಮೇಲೆ ಕೂತಿದ್ದ ಗಂಗಣ್ಣ "ಬನ್ನಿ ಸಾರ್" ಎಂದು ಸರಿದು ಜಾಗ ಕೊಟ್ಟ. ಮಾವ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ಟವೆಲ್ ಹಾಸಿದರು. ಗಂಗಣ್ಣ ಎಷ್ಟೋ ಕಾಲದ ಅಭ್ಯಾಸವೆಂಬಂತೆ ಎಡಗೈಯನ್ನು ಅದರ ಮೇಲಿಟ್ಟ. ಮಾವ ಜೇಬಿನಿಂದ ನೇಲ್ ಕಟರ್ ತೆಗೆದರು.

ಒಂದೇ ಕೈ ಉಳಿದವನು ಆ ಕೈಯ ಉಗುರನ್ನು ತಾನೇ ಕತ್ತರಿಸಿಕೊಳ್ಳಲಾರ. ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಮಂಡಿ ನೋವಿಟ್ಕೊಂಡು ಯಾಕ್ ಬರ್ತೀರಾ ಸಾರ್?" ಎಂದ ಗಂಗಣ್ಣ. "ಮಗಳು ಕತ್ತರಿಸ್ತೀನಿ ಅಂತಾಳೆ."

ಮಾವ ತಲೆ ಎತ್ತಲಿಲ್ಲ. ಕತ್ತರಿಸಿದ ಉಗುರಿನ ಅಂಚನ್ನು ತಮ್ಮ ಹೆಬ್ಬೆರಳಿನಿಂದ ಸವರಿ ನೋಡಿ, ಮೆಲ್ಲಗೆ ಹೇಳಿದರು:

"ಕಿರುಬೆರಳು ಕೊಡೋ."